ಔಷಧ ಪರೀಕ್ಷೆಗೆ ಪ್ರಾಣಿಗಳೇ ಬೇಕಾ? ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಮಾಡುತ್ತೇನೆ. ಸಿರುಗುಪ್ಪ, ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆಯಿಂದ ಬರುವ ಮಕ್ಕಳು, ಅವರ ಮನೆಯವರು, ಓದು ಮುಗಿಸಿ ಮೆಡಿಕಲ್ ಶಾಪ್ ಇಟ್ಟ ಹಳೆಯ ವಿದ್ಯಾರ್ಥಿಗಳು ಈ ವಿಷಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಗೆ ನೋವಾಗುತ್ತದೆ ಎಂಬುದು ಸಣ್ಣ ಕಾರಣವಲ್ಲ, ಆದರೆ ಅದೊಂದೇ ಕಾರಣವೂ ಅಲ್ಲ. ಮನುಷ್ಯನ ಜೀವಕೋಶದ ಮೇಲೆ ಮಾಡಿದ ಪರೀಕ್ಷೆ ಎಷ್ಟೋ ಕಡೆ ಮನುಷ್ಯನನ್ನೇ ಹೆಚ್ಚು ಚೆನ್ನಾಗಿ ಕಾಪಾಡುತ್ತದೆ. ಅಂಥ ಕಡೆಯಲ್ಲೂ ಹಳೆಯ ಪದ್ಧತಿಗೇ ಜೋತುಬೀಳುವುದನ್ನು ನಾನು ಒಪ್ಪುವುದಿಲ್ಲ.

ಪ್ರಾಣಿಗಳ ಮೇಲೆ ಪರೀಕ್ಷೆ ಮಾಡೋ ಪದ್ಧತಿ ಯಾಕೆ ಬಂತು?

ಪರೀಕ್ಷೆಯೇ ಮಾಡದೆ ಔಷಧ ಮಾರಿದ್ದರಿಂದ. 1937ರಲ್ಲಿ ಅಮೆರಿಕದ ಒಂದು ಕಂಪನಿ ಸೋಂಕಿಗೆ ಕೊಡುವ ಸಲ್ಫಾ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ದ್ರವದಲ್ಲಿ ಕರಗಿಸಿ, ರುಚಿ ಸೇರಿಸಿ, ಸಿರಪ್ ಮಾಡಿ ಮಾರಿತು. ಕಿಡ್ನಿ ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಬಹಳ. ಮರುವರ್ಷ, 1938ರಲ್ಲಿ, ಔಷಧ ಸುರಕ್ಷಿತವೆಂದು ತೋರಿಸಿಯೇ ಮಾರಬೇಕು ಎಂಬ ಕಾನೂನು ಅಲ್ಲಿ ಬಂತು. ಆಗ ಕೈಯಲ್ಲಿದ್ದ ಸಾಧನವೆಂದರೆ ಇಲಿ, ಮೊಲ, ನಾಯಿ. ಆ ಕಾಲಕ್ಕೆ ಅದು ಸರಿಯಾದ ಹೆಜ್ಜೆಯೇ. ಜೀವಕೋಶ ಬೆಳೆಸುವ ವಿದ್ಯೆ ಆಗ ಇನ್ನೂ ಅಂಬೆಗಾಲಿನಲ್ಲಿತ್ತು.

ಪರ್ಯಾಯ ವಿಧಾನ ಅಂದರೆ ಕಂಪ್ಯೂಟರಾ?

ಕಂಪ್ಯೂಟರ್ ಲೆಕ್ಕಾಚಾರವೂ ಅದರಲ್ಲಿ ಒಂದು. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಚರ್ಮ, ಕಾಂಡಕೋಶದಿಂದ ಬೆಳೆಸಿದ ಪುಟ್ಟ ಅಂಗಗಳು, ದಾನಿಗಳ ರಕ್ತ, ರಾಸಾಯನಿಕ ಅಳತೆಯ ಯಂತ್ರಗಳು, ಕಸಾಯಿಖಾನೆಯಲ್ಲಿ ಹೇಗೂ ಬಿಸಾಡುವ ಅಂಗಾಂಶ, ಇವೂ ಅದರಲ್ಲೇ ಬರುತ್ತವೆ. ಇದಕ್ಕೆ ಚೌಕಟ್ಟು ಹಾಕಿದವರು ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್. 1959ರಲ್ಲಿ ಅವರು ಮೂರು ಸೂತ್ರ ಕೊಟ್ಟರು: ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆಯದನ್ನು ಬಳಸು, ಆಗದಿದ್ದರೆ ಸಂಖ್ಯೆ ಇಳಿಸು, ಅದೂ ಆಗದಿದ್ದರೆ ನೋವನ್ನಾದರೂ ಕಡಿಮೆ ಮಾಡು. ನಾವು ಈಗಲೂ ಪಾಠದಲ್ಲಿ ಹೇಳುವುದು ಇದನ್ನೇ.

ಇದೆಲ್ಲ ಪುಸ್ತಕದ ಮಾತು. ನಿಜವಾಗಲೂ ಏನಾದರೂ ಬದಲಾಗಿದೆಯಾ?

ನಾಯಿ ಕಡಿದರೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತನ್ನು ಕೇಳದವರು ಯಾರು? ಆ ಲಸಿಕೆ ತಯಾರಾಗುತ್ತಿದ್ದುದು ಕುರಿಯ ಮಿದುಳಿನಿಂದ. ಕುರಿಗೆ ರೇಬೀಸ್ ವೈರಸ್ ಹಾಕಿ, ಮಿದುಳು ತೆಗೆದು, ಅರೆದು, ಫೀನಾಲ್‌ನಿಂದ ವೈರಸ್ ಸಾಯಿಸಿ ಲಸಿಕೆ ಮಾಡುತ್ತಿದ್ದರು. ಬಳ್ಳಾರಿ ಎಂಬ ಹೆಸರಿನ ಕುರಿ ತಳಿಯೇ ಇರುವ ನಾಡು ನಮ್ಮದು. ಹಿಂಡು ಕಾಯುವವರಿಗೆ ಈ ಪ್ರಕ್ರಿಯೆ ಬಿಡಿಸಿ ಹೇಳಿದರೆ ಅರೆಗಳಿಗೆ ಮಾತು ಬರುವುದಿಲ್ಲ. ಕುರಿಗೆ ಮಾತ್ರವಲ್ಲ, ಮನುಷ್ಯನಿಗೂ ಅದು ಒಳ್ಳೆಯ ಲಸಿಕೆಯಾಗಿರಲಿಲ್ಲ. ಅದರಲ್ಲಿ ಉಳಿದ ಮಿದುಳಿನ ಅಂಶಕ್ಕೆ ಕೆಲವರ ದೇಹ ತಿರುಗಿಬಿದ್ದು ಲಕ್ವ ಹೊಡೆಯುತ್ತಿತ್ತು. ಭಾರತದಲ್ಲಿ 2004ರ ಕೊನೆಯ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಈಗ ಆಸ್ಪತ್ರೆಯಲ್ಲಿ ತೋಳಿಗೆ ಹಾಕುವ ಲಸಿಕೆಯ ವೈರಸ್ ಹೆಚ್ಚಾಗಿ ಬೆಳೆಯುವುದು ವೀರೋ ಎಂಬ ಜೀವಕೋಶ ಸಾಲಿನಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿಕೊಂಡು ಬಂದ ಜೀವಕೋಶಗಳಲ್ಲಿ. 1962ರಲ್ಲಿ ಜಪಾನಿನಲ್ಲಿ ಒಂದೇ ಒಂದು ಆಫ್ರಿಕನ್ ಹಸಿರು ಕೋತಿಯ ಕಿಡ್ನಿಯಿಂದ ಶುರುವಾದ ಸಾಲು ಅದು. ಇಂದಿಗೂ ಬೆಳೆಯುತ್ತಲೇ ಇದೆ. ಪ್ರಾಣಿಯನ್ನು ಉಳಿಸಿದ ಬದಲಾವಣೆಯೇ ರೋಗಿಯನ್ನೂ ಉಳಿಸಿತು ಎನ್ನಲು ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಗೊತ್ತಿಲ್ಲ.

ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ಗರ್ಭ ಪರೀಕ್ಷೆಯ ಕಿಟ್ ಇನ್ನೊಂದು. 1920ರ ದಶಕದ ಕೊನೆಯಲ್ಲಿ ಹೆಂಗಸಿನ ಮೂತ್ರವನ್ನು ಹೆಣ್ಣು ಇಲಿಮರಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಕೊಯ್ದು, ಅಂಡಾಶಯ ನೋಡಿ ಗರ್ಭ ನಿಂತಿದೆಯೇ ಎಂದು ಹೇಳುತ್ತಿದ್ದರು. ಆಮೇಲೆ ಕಪ್ಪೆ ಬಂತು. ಈಗ ಕೆಲವೇ ನಿಮಿಷದಲ್ಲಿ ಎರಡು ಗೆರೆ. ಇನ್ಸುಲಿನ್‌ನದೂ ಇದೇ ಕಥೆ. ಹಿಂದೆ ಹಂದಿ, ದನದ ಮೇದೋಜೀರಕದಿಂದ ತೆಗೆಯುತ್ತಿದ್ದುದು, 1982ರಿಂದ ಸೂಕ್ಷ್ಮಜೀವಿಯಲ್ಲಿ ಬೆಳೆಸಿದ ಮಾನವ ಇನ್ಸುಲಿನ್ ಆಗಿ ಮಾರುಕಟ್ಟೆಗೆ ಬಂತು. ಅದರ ಸಾಮರ್ಥ್ಯ ಅಳೆಯಲು ಮೊಲಕ್ಕೆ ಚುಚ್ಚುವುದೂ ತಪ್ಪಿ, ಯಂತ್ರದ ಅಳತೆ ಬಂತು.

ಸಲೈನ್ ಬಾಟಲಿಗೂ ಪ್ರಾಣಿ ಪರೀಕ್ಷೆಗೂ ಏನು ಸಂಬಂಧ?

ಇದನ್ನು ನಮ್ಮ ಊರಿನವರು ಚೆನ್ನಾಗಿ ತಿಳಿದುಕೊಳ್ಳಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಸಲೈನ್‌ನಂತೆ ರಕ್ತನಾಳಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು. ಆಗ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದು ಒಂದೇ ಮಾತು: ಬಾಟಲಿ ಸ್ವಚ್ಛವಾಗಿದೆ ಎಂದು ಯಾರು, ಹೇಗೆ ನೋಡುತ್ತಾರೆ? ಆ ಪ್ರಕರಣದ ಕಾರಣವನ್ನು ನಾನು ಇಲ್ಲಿ ತೀರ್ಮಾನಿಸುತ್ತಿಲ್ಲ. ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ದ್ರಾವಣವನ್ನು ಆಟೋಕ್ಲೇವ್ ಎಂಬ ಒತ್ತಡದ ಹಬೆಯ ಯಂತ್ರದಲ್ಲಿ ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳ ಹೊರಗೋಡೆಯ ಅಂಶ, ಎಂಡೋಟಾಕ್ಸಿನ್, ಆ ಬಿಸಿಗೆ ಬಗ್ಗುವುದಿಲ್ಲ. ಕಣ್ಣಿಗೆ ನೀರಿನಷ್ಟು ತಿಳಿಯಾಗಿ ಕಾಣುವ ಬಾಟಲಿಯಲ್ಲೂ ಅದು ಇರಬಹುದು. ನೇರ ರಕ್ತಕ್ಕೆ ಸೇರಿದರೆ ಚಳಿ ನಡುಕ, ಜ್ವರ, ಹೆಚ್ಚಾದರೆ ಬಿಪಿ ಕುಸಿದು ಅಂಗಾಂಗ ವೈಫಲ್ಯ.

ಹಳೆಯ ಪರೀಕ್ಷೆ ಮೊಲದ್ದು. ಮೊಲವನ್ನು ಅಲುಗಾಡದಂತೆ ಪೆಟ್ಟಿಗೆಯಲ್ಲಿ ಕೂರಿಸಿ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು, ಕಿವಿಯ ರಕ್ತನಾಳಕ್ಕೆ ದ್ರಾವಣ ಚುಚ್ಚಿ, ಮೂರು ಗಂಟೆ ಕಾಲ ಮೈಬಿಸಿ ಏರುತ್ತದೆಯೇ ಎಂದು ನೋಡುವುದು. ಹೆದರಿದ ಮೊಲದ ಮೈಬಿಸಿ ತಾನಾಗಿಯೂ ಏರುಪೇರಾಗುತ್ತದೆ. ನಂತರ ಕುದುರೆ ಲಾಳದಾಕಾರದ ಏಡಿಯ ನೀಲಿ ರಕ್ತದ ಪರೀಕ್ಷೆ ಬಂತು. ಎಂಡೋಟಾಕ್ಸಿನ್ ಸೋಕಿದೊಡನೆ ಆ ರಕ್ತದ ಅಂಶ ಹೆಪ್ಪುಗಟ್ಟುತ್ತದೆ, ಮೊಲಕ್ಕಿಂತ ಎಷ್ಟೋ ಸೂಕ್ಷ್ಮ. ಆದರೆ ಅದಕ್ಕೂ ಸಮುದ್ರದಿಂದ ಏಡಿ ಹಿಡಿದು ರಕ್ತ ತೆಗೆಯಬೇಕು. ನಮ್ಮ ದೇಶದಲ್ಲಿ ಒಡಿಶಾ ಕರಾವಳಿಯಲ್ಲಿ ಈ ಜೀವಿ ಇದೆ.

ಈಗ ಏಡಿಯೂ ಬೇಡ. ಹೆಪ್ಪುಗಟ್ಟಿಸುವ ಆ ಪ್ರೋಟೀನನ್ನು, ರಿಕಾಂಬಿನೆಂಟ್ ಫ್ಯಾಕ್ಟರ್ ಸಿ ಎಂಬುದನ್ನು, ಪ್ರಯೋಗಾಲಯದಲ್ಲೇ ತಯಾರಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ಮನುಷ್ಯನ ರಕ್ತದ ಬಿಳಿ ಕಣಗಳಿಗೆ ದ್ರಾವಣ ಹಾಕಿ, ಅವು ಜ್ವರ ತರಿಸುವ ಸಂಕೇತ ಬಿಡುತ್ತವೆಯೇ ಎಂದು ಅಳೆಯುತ್ತಾರೆ. ಎಂಡೋಟಾಕ್ಸಿನ್ ಮಾತ್ರವಲ್ಲ, ಜ್ವರ ಬರಿಸುವ ಬೇರೆ ಕಲ್ಮಶವೂ ಇದರಲ್ಲಿ ಸಿಕ್ಕಿಬೀಳುತ್ತದೆ. ಔಷಧದ ಗುಣಮಟ್ಟದ ನಿಯಮಗಳಿರುವ ಯುರೋಪಿನ ಔಷಧ ಸಂಹಿತೆ 2025ರ ಜುಲೈನಿಂದ ಮೊಲದ ಪರೀಕ್ಷೆಯನ್ನು ತನ್ನ ಪಠ್ಯಗಳಿಂದ ಕೈಬಿಟ್ಟಿದೆ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಎಂಥ ಒಳ್ಳೆಯ ವಿಧಾನವಿದ್ದರೂ ಪ್ರತಿ ಬ್ಯಾಚ್‌ನಲ್ಲೂ ಪ್ರಾಮಾಣಿಕವಾಗಿ ಮಾಡದಿದ್ದರೆ ಬಾಣಂತಿಯ ಜೀವ ಉಳಿಯುವುದಿಲ್ಲ. ಬೇಗ ಫಲಿತಾಂಶ ಕೊಡುವ, ಮೊಲದ ಮನೆ ಸಾಕಬೇಕಿಲ್ಲದ ವಿಧಾನವಿದ್ದರೆ ಹೆಚ್ಚು ಕಡೆ, ಹೆಚ್ಚು ಸಲ ಪರೀಕ್ಷೆ ಮಾಡಬಹುದು. ನನಗೆ ಇದೇ ಮುಖ್ಯ.

ಹಾವು ಕಡಿತದ ಇಂಜೆಕ್ಷನ್ ಕುದುರೆಯಿಂದಲೇ ಬರ್ತದಂತೆ. ಅದಕ್ಕೂ ಪರ್ಯಾಯ ಇದೆಯಾ ಸರ್?

ಸಿಂಧನೂರು, ಮಾನ್ವಿ ಕಡೆಯ ಗದ್ದೆ ಕೆಲಸದವರ ಮಕ್ಕಳು ಕೇಳುವ ಪ್ರಶ್ನೆ. ಹೌದು, ಕುದುರೆಯಿಂದಲೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ, ವಿಷ ತಡೆಯುವ ಪ್ರೋಟೀನನ್ನು (ಪ್ರತಿಕಾಯವನ್ನು) ಬೇರ್ಪಡಿಸಿ ಔಷಧ ಮಾಡುತ್ತಾರೆ. ಒಂದು ಮಿಲಿ ಔಷಧ ನಾಗರಹಾವು ಮತ್ತು ಕೊಳಕುಮಂಡಲದ ತಲಾ 0.6 ಮಿಲಿಗ್ರಾಂ, ಉಳಿದೆರಡರ ತಲಾ 0.45 ಮಿಲಿಗ್ರಾಂ ವಿಷವನ್ನು ತಡೆಯಬೇಕು. ತಡೆಯುತ್ತದೆಯೇ ಎಂದು ನೋಡುವುದು ಇಲಿಗಳ ಮೇಲೆ: ವಿಷ ಮತ್ತು ಔಷಧ ಬೆರೆಸಿ ಚುಚ್ಚಿ, ಎಷ್ಟು ಸತ್ತವು, ಎಷ್ಟು ಉಳಿದವು ಎಂದು ಎಣಿಸುವುದು.

ಇದರಲ್ಲಿ ಒಂದು ಭಾಗವನ್ನು ಈಗಲೇ ಗಾಜಿನ ಕೊಳವೆಗೆ ತರಬಹುದು. ಮಂಡಲದ ಹಾವುಗಳ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗಳಿಗೆ ಗೊತ್ತಿರುವ ಪರೀಕ್ಷೆ ನೆನಪಿಸಿಕೊಳ್ಳಿ. ಕಡಿತಕ್ಕೊಳಗಾದವರ ಎರಡು ಮಿಲಿ ರಕ್ತವನ್ನು ಒಣ ಗಾಜಿನ ಟ್ಯೂಬಿಗೆ ಹಾಕಿ, ಮುಟ್ಟದೆ ಇಪ್ಪತ್ತು ನಿಮಿಷ ಬಿಟ್ಟು, ಒಮ್ಮೆ ಓರೆ ಮಾಡುತ್ತಾರೆ. ಗಡ್ಡೆಯಾಗಿ ನಿಂತರೆ ಸರಿ, ಹರಿದರೆ ವಿಷ ಏರಿದೆ ಎಂದರ್ಥ. ಪ್ರಯೋಗಾಲಯದಲ್ಲೂ ತತ್ವ ಇದೇ: ಮನುಷ್ಯನ ಪ್ಲಾಸ್ಮಾಕ್ಕೆ, ಅಂದರೆ ಕಣ ಬೇರ್ಪಡಿಸಿದ ರಕ್ತದ ದ್ರವಕ್ಕೆ, ವಿಷ ಮತ್ತು ಔಷಧ ಎರಡನ್ನೂ ಹಾಕಿ, ಹೆಪ್ಪುಗಟ್ಟುವ ಸಮಯ ಮೊದಲಿನಂತಾಯಿತೇ ಎಂದು ಯಂತ್ರದಲ್ಲಿ ಅಳೆಯುವುದು. ನಾಗರ, ಕಟ್ಟುಹಾವಿನ ವಿಷ ನರ ಮತ್ತು ಸ್ನಾಯು ಸೇರುವ ಕಡೆ ಹೊಡೆಯುವುದರಿಂದ ಅದಕ್ಕೆ ಬೇರೆ ಪರೀಕ್ಷೆ ಬೇಕು, ಅದು ಇಷ್ಟು ಸುಲಭವಲ್ಲ.

ಕುದುರೆಯನ್ನೇ ಬಿಡುವ ಕೆಲಸವೂ ನಡೆದಿದೆ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ವಿಜ್ಞಾನಿಗಳು ನಾಗರ, ಕಟ್ಟುಹಾವು, ಮಾಂಬಾ ಹಾವುಗಳ ಒಂದು ಬಗೆಯ ನರವಿಷವನ್ನು ತಡೆಯುವ ಮಾನವ ಪ್ರತಿಕಾಯವನ್ನು ಪ್ರಯೋಗಾಲಯದಲ್ಲೇ ಕಂಡುಹಿಡಿದರು. ಅದನ್ನು ಖಚಿತಪಡಿಸಿಕೊಳ್ಳಲು ಕೊನೆಗೆ ಇಲಿ ಬೇಕಾಯಿತು, ಅದನ್ನೂ ಹೇಳಬೇಕು. ಮತ್ತೆ, ಇದು ಇನ್ನೂ ಆಸ್ಪತ್ರೆಗೆ ಬಂದಿಲ್ಲ. ಹಾವು ಕಡಿದರೆ ಕುದುರೆಯ ಇಂಜೆಕ್ಷನ್ನೇ ಇವತ್ತಿಗೂ ಜೀವ ಉಳಿಸುವುದು. ಮಂತ್ರ, ನಾಟಿ ಔಷಧ ಎಂದು ಹೊತ್ತು ಕಳೆಯದೆ ಸೀದಾ ಆಸ್ಪತ್ರೆಗೆ ಹೋಗಿ.

ಅಂಗದ ಚಿಪ್ ಅಂದರೆ ಏನು?

ಪೆನ್‌ಡ್ರೈವ್ ಗಾತ್ರದ, ಪಾರದರ್ಶಕವಾದ, ಬಗ್ಗುವ ಒಂದು ತುಂಡು. ಅದರೊಳಗೆ ಕೂದಲೆಳೆಯಂಥ ಕಾಲುವೆಗಳು. ಕಾಲುವೆಯ ಗೋಡೆಗೆ ಮನುಷ್ಯನ ಶ್ವಾಸಕೋಶದ ಅಥವಾ ಲಿವರ್‌ನ ಜೀವಕೋಶ ಹಚ್ಚಿ, ರಕ್ತದ ಬದಲು ಪೋಷಕ ದ್ರವ ಹರಿಸುತ್ತಾರೆ. ಹಾರ್ವರ್ಡ್‌ನ ವೀಸ್ ಸಂಸ್ಥೆಯ ಡೊನಾಲ್ಡ್ ಇಂಗ್ಬರ್ ತಂಡ 2010ರಲ್ಲಿ ತೋರಿಸಿದ ಶ್ವಾಸಕೋಶದ ಚಿಪ್ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿತ್ತು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲಿವರ್ ಚಿಪ್‌ನ ಮೇಲೆ 27 ಔಷಧಗಳನ್ನು ಪರೀಕ್ಷಿಸಿದರು. ಲಿವರ್ ಕೆಡಿಸುವ ಔಷಧಗಳಲ್ಲಿ ಶೇ. 87ರಷ್ಟನ್ನು ಅದು ಹಿಡಿಯಿತು, ನಿರಪಾಯಕಾರಿಯಾದ ಒಂದನ್ನೂ ತಪ್ಪಾಗಿ ದೂರಲಿಲ್ಲ. ಹಿಡಿದವುಗಳಲ್ಲಿ ಪ್ರಾಣಿ ಪರೀಕ್ಷೆಯಲ್ಲಿ ಪಾಸಾಗಿ, ರೋಗಿಗಳಿಗೆ ಕೊಟ್ಟ ಮೇಲೆ ಅಪಾಯ ತಂದವು ಇದ್ದವು.

ಪ್ರಾಣಿಗೆ ಏನೂ ಆಗದಿದ್ದರೆ ನಮಗೂ ಏನೂ ಆಗೋದಿಲ್ಲ ಅಲ್ವಾ?

ಹಾಗೆ ನಂಬಿ 2006ರಲ್ಲಿ ಲಂಡನ್ನಿನಲ್ಲಿ ಆರು ಜನ ಯುವಕರಿಗೆ ಟಿಜಿಎನ್ 1412 ಎಂಬ ಪ್ರತಿಕಾಯ ಕೊಟ್ಟರು. ಕೋತಿಗಳಲ್ಲಿ ಸುರಕ್ಷಿತವೆಂದು ಕಂಡ ಪ್ರಮಾಣದ ಐನೂರರಲ್ಲಿ ಒಂದು ಪಾಲು ಅಷ್ಟೆ. ಕೆಲವೇ ತಾಸಿನಲ್ಲಿ ಆರೂ ಮಂದಿಯ ರೋಗನಿರೋಧಕ ವ್ಯವಸ್ಥೆ ಹುಚ್ಚೆದ್ದು ಅವರು ಐಸಿಯು ಸೇರಿದರು. ಕೋತಿಯ ರಕ್ತಕಣಕ್ಕೂ ನಮ್ಮದಕ್ಕೂ ಇದ್ದ ಸಣ್ಣ ವ್ಯತ್ಯಾಸ ಸಾಕಾಯಿತು. ಥಾಲಿಡೊಮೈಡ್ ಪಾಠವೂ ಮರೆಯುವಂಥದ್ದಲ್ಲ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಆ ಮಾತ್ರೆಯನ್ನು ಬಸಿರಿಯರು ವಾಕರಿಕೆಗೆ ನುಂಗಿದರು. ಕೈಕಾಲು ಸರಿಯಾಗಿ ಬೆಳೆಯದ 10,000ಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು. ಆಮೇಲೆ ಪರೀಕ್ಷಿಸಿ ನೋಡಿದರೆ, ಮೊಲದ ಕೆಲವು ತಳಿಗಳಲ್ಲಿ ಮತ್ತು ಕೋತಿಗಳಲ್ಲಿ ದೋಷ ಕಂಡಿತೇ ಹೊರತು ಇಲಿಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಬರುವ ಹತ್ತು ಹೊಸ ಔಷಧಗಳಲ್ಲಿ ಸುಮಾರು ಒಂಬತ್ತು ಮಾರುಕಟ್ಟೆ ಮುಟ್ಟುವುದಿಲ್ಲ. ಆ ಎಲ್ಲವೂ ಪ್ರಾಣಿ ಪರೀಕ್ಷೆ ದಾಟಿ ಬಂದಂಥವೇ.

ಹಾಗಾದರೆ ಪ್ರಾಣಿ ಬಿಟ್ಟು ನಮ್ಮಂಥ ಬಡವರ ಮೇಲೆ ಪ್ರಯೋಗ ಮಾಡ್ತಾರಾ?

ಈ ಭಯ ನ್ಯಾಯವಾದದ್ದು, ಆದ್ದರಿಂದ ನೇರವಾಗಿ ಉತ್ತರಿಸುತ್ತೇನೆ. ಇಲ್ಲ. ಪರ್ಯಾಯ ವಿಧಾನ ಬರುವುದು ಪ್ರಾಣಿ ಪರೀಕ್ಷೆಯ ಜಾಗಕ್ಕೆ. ಅದು ಮುಗಿದ ಮೇಲೆ ಬರುವ ಮಾನವ ಪ್ರಯೋಗದ ನಿಯಮಗಳು ಹಾಗೆಯೇ ಇರುತ್ತವೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅರ್ಥವಾಗುವಂತೆ ತಿಳಿಸಿ ಸಹಿ ಪಡೆಯಬೇಕು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಯಾರಾದರೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಎಂದರೆ, ಓದು ಬಲ್ಲ ನಿಮ್ಮವರೊಬ್ಬರು ಜೊತೆಗಿಲ್ಲದೆ ಒತ್ತಬೇಡಿ. ಬೇಡ ಎಂದು ನಡುವೆಯೇ ಎದ್ದು ಬರುವ ಹಕ್ಕೂ ನಿಮಗಿದೆ.

ನಮ್ಮ ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಸಾಧ್ಯವಿರುವ ಕಡೆ ಪ್ರಾಣಿ ಪ್ರಯೋಗ ತಪ್ಪಿಸಬೇಕು ಎನ್ನುತ್ತದೆ. ಪುಸ್ತಕ, ಮಾದರಿ, ಫಿಲ್ಮ್‌ಗಳಿಂದ ಪಾಠ ಆಗುವುದಾದರೆ ವೈದ್ಯಕೀಯ ಕಾಲೇಜುಗಳಲ್ಲಿ ಪ್ರಯೋಗ ಬೇಡ ಎಂದು ಹೆಸರಿಸಿಯೇ ಹೇಳಿದೆ. 1998ರ ನಿಯಮಗಳ ಪ್ರಕಾರ ಸಂಸ್ಥೆ ನೋಂದಣಿಯಾಗಿರಬೇಕು, ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಅನುಮತಿ ಬೇಕು. 2014ರಲ್ಲಿ ಸೌಂದರ್ಯವರ್ಧಕಗಳ ಪ್ರಾಣಿ ಪರೀಕ್ಷೆ ನಿಷೇಧವಾಯಿತು, ಹಾಗೆ ಪರೀಕ್ಷಿಸಿದ್ದನ್ನು ಹೊರದೇಶದಿಂದ ತರುವುದೂ ಬಂದ್ ಆಯಿತು. ದೊಡ್ಡ ಹೆಜ್ಜೆ 2023ರದು: ಹೊಸ ಔಷಧದ ಅನುಮತಿಗೆ ಜೀವಕೋಶ, ಪುಟ್ಟ ಅಂಗ, ಚಿಪ್, ಕಂಪ್ಯೂಟರ್ ವಿಧಾನಗಳ ಮಾಹಿತಿಯನ್ನೂ ಕೊಡಬಹುದು ಎಂದು ನಿಯಮ ತಿದ್ದಿದರು. ಅಮೆರಿಕ 2022ರ ಡಿಸೆಂಬರ್‌ನಲ್ಲೇ ಪ್ರಾಣಿ ಪರೀಕ್ಷೆ ಕಡ್ಡಾಯ ಎಂಬ ಷರತ್ತು ತೆಗೆದಿತ್ತು. ಕಾನೂನು ಬಾಗಿಲು ತೆರೆದಿದೆ, ಆದರೆ ಪರವಾನಗಿ ಕೊಡುವ ಮೇಜಿನವರು ಹೊಸ ಮಾಹಿತಿಯನ್ನು ನಂಬಿ ಓದುವುದನ್ನು ಕಲಿಯಬೇಕು. ನಿಧಾನ ಆಗುತ್ತಿರುವುದು ಅಲ್ಲೇ.

ಬೀದಿ ನಾಯಿ, ಗುಡ್ಡದ ಕೋತಿ ಹಿಡಕೊಂಡು ಹೋಗಿ ಪ್ರಯೋಗಕ್ಕೆ ಕೊಡ್ತಾರಂತ, ಖರೆನಾ?

ಬೀದಿ ನಾಯಿ ಹಿಡಿದು ಪ್ರಯೋಗಾಲಯಕ್ಕೆ ಮಾರುವಂತಿಲ್ಲ. ನೋಂದಾಯಿತ ಸಾಕಣೆದಾರರಿಂದಲೇ ಪ್ರಾಣಿ ತರಬೇಕು. ಕೋತಿಯ ವಿಷಯಕ್ಕೆ ಚರಿತ್ರೆ ಇದೆ. ಪೋಲಿಯೋ ಲಸಿಕೆಯ ಕಾಲದಲ್ಲಿ ಉತ್ತರ ಭಾರತದ ರೀಸಸ್ ಕೋತಿಗಳನ್ನು ಲಕ್ಷಗಟ್ಟಲೆ ವಿದೇಶಕ್ಕೆ ಸಾಗಿಸುತ್ತಿದ್ದರು. 1978ರಲ್ಲಿ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿತು. ಅಂಜನಾದ್ರಿ, ಆನೆಗೊಂದಿಯಲ್ಲಿ ನೀವು ಬಾಳೆಹಣ್ಣು ಕೊಡುವ ಕೋತಿ ಬೇರೆ ಜಾತಿಯದು. ಅದನ್ನು ಯಾರಾದರೂ ಬೋನು ಹಾಕಿ ಒಯ್ಯುತ್ತಿದ್ದರೆ ಅರಣ್ಯ ಇಲಾಖೆಗೆ ಹೇಳಿ.

ಕಾಲೇಜಿನಲ್ಲಿ ಕಪ್ಪೆ ಕೊಯ್ಯಬೇಕಾಗುತ್ತದಾ? ನನ್ನ ಮಗಳಿಗೆ ಆಗೋದಿಲ್ಲ.

ಬೇಕಿಲ್ಲ ತಾಯಿ. ನಿಶ್ಚಿಂತೆಯಿಂದ ಸೇರಿಸಿ. ನಾವು ಓದುವಾಗ ಕಪ್ಪೆಯ ಬೆನ್ನುಹುರಿಗೆ ಸೂಜಿ ಹಾಕಿ, ಹೊಟ್ಟೆಯ ಸ್ನಾಯು ತೆಗೆದು, ಅದು ಕುಗ್ಗುವುದನ್ನು ದಾಖಲಿಸಲು ಹೊಗೆ ಹಿಡಿಸಿದ ಡ್ರಮ್ಮಿನ ಮೇಲೆ ಗೆರೆ ಎಳೆಸುತ್ತಿದ್ದೆವು. ಈಗ ಬಿ.ಫಾರ್ಮ್ ಪಠ್ಯಕ್ರಮವೇ ಪ್ರಾಣಿ ಪ್ರಯೋಗಗಳನ್ನು ಸಾಫ್ಟ್‌ವೇರ್ ಮತ್ತು ವಿಡಿಯೋದಲ್ಲಿ ತೋರಿಸಿ ಎನ್ನುತ್ತದೆ. ಪುದುಚೇರಿಯ ಜಿಪ್‌ಮರ್‌ನಲ್ಲಿ ತಯಾರಾದ ಎಕ್ಸ್‌ಫಾರ್ಮ್ ಎಂಬ ಸಾಫ್ಟ್‌ವೇರ್ ಇದಕ್ಕೇ ಇದೆ. ಅದರಲ್ಲಿ ಒಂದೇ ಪ್ರಯೋಗವನ್ನು ತಪ್ಪಿದಷ್ಟು ಸಲ ಮತ್ತೆ ಮಾಡಬಹುದು.

ಪರದೆಯ ಮೇಲೆ ನೋಡಿದರೆ ಕೈಗೆ ಕೆಲಸ ಬರುವುದಿಲ್ಲ ಎನ್ನುವವರಿಗೂ ದಾರಿ ಇದೆ. ಬೆಳಿಗ್ಗೆ ಮಟನ್ ಅಂಗಡಿಯಿಂದ ಆಡಿನ ಸಣ್ಣ ಕರುಳಿನ ತುಂಡನ್ನು ತಣ್ಣನೆಯ ಟೈರೋಡ್ ಎಂಬ ಲವಣ ದ್ರಾವಣದಲ್ಲಿ ಹಾಕಿಸಿಕೊಂಡು ಬರುತ್ತೇವೆ. ತೊಳೆದು, ಎರಡು ತುದಿಗೆ ದಾರ ಕಟ್ಟಿ, 37 ಡಿಗ್ರಿಗೆ ಕಾಯಿಸಿದ ಅದೇ ದ್ರಾವಣದಲ್ಲಿ ಗಾಳಿಗುಳ್ಳೆ ಬಿಡುತ್ತಾ ತೂಗುಹಾಕಿದರೆ ಕರುಳು ತಾನಾಗಿ ಮೆಲ್ಲಗೆ ಹಿಂಡಿಕೊಳ್ಳಲು ಶುರು ಮಾಡುತ್ತದೆ. ನರದ ಸಂಕೇತ ಒಯ್ಯುವ ಅಸಿಟೈಲ್‌ಕೋಲಿನ್ ಹನಿಸಿದರೆ ಗಕ್ಕನೆ ಕುಗ್ಗುತ್ತದೆ, ಅದನ್ನು ತಡೆಯುವ ಅಟ್ರೋಪಿನ್ ಹಾಕಿದ ಮೇಲೆ ಅದೇ ಹನಿಗೆ ಜಗ್ಗುವುದಿಲ್ಲ. ಮಕ್ಕಳ ಕಣ್ಣು ಅರಳುವುದು ಆಗಲೇ. ಇದಕ್ಕಾಗಿ ಒಂದು ಪ್ರಾಣಿಯನ್ನೂ ಬೇರೆಯಾಗಿ ಕೊಲ್ಲಿಸಿಲ್ಲ.

ಎಲ್ಲ ಪರೀಕ್ಷೆಗೂ ಪರ್ಯಾಯ ಬಂದಿದೆಯಾ?

ಇಲ್ಲ. ಚರ್ಮದ ಉರಿ, ಕಣ್ಣಿನ ಉರಿ, ಜ್ವರ ತರುವ ಕಲ್ಮಶ, ಇವುಗಳಿಗೆ ಒಪ್ಪಿತ ವಿಧಾನಗಳಿವೆ. 1944ರಿಂದ ಮೊಲದ ಕಣ್ಣಿಗೆ ರಾಸಾಯನಿಕ ಹಾಕುತ್ತಿದ್ದ ಡ್ರೇಜ್ ಪರೀಕ್ಷೆಯ ಜಾಗಕ್ಕೆ ಬೆಳೆಸಿದ ಮಾನವ ಅಂಗಾಂಶ ಮತ್ತು ಕಸಾಯಿಖಾನೆಯ ದನದ ಕಣ್ಣಿನ ಕಾರ್ನಿಯಾ (ಮುಂಭಾಗದ ಪಾರದರ್ಶಕ ಪದರ) ಬಂದಿವೆ. ಆದರೆ ಒಂದು ಔಷಧ ಗರ್ಭದ ಶಿಶುವಿಗೆ ಏನು ಮಾಡುತ್ತದೆ, ವರ್ಷಗಟ್ಟಲೆ ನುಂಗಿದರೆ ಮಿದುಳು, ಹಾರ್ಮೋನು, ಕಿಡ್ನಿ ಒಟ್ಟಿಗೆ ಹೇಗೆ ವರ್ತಿಸುತ್ತವೆ ಎಂಬುದನ್ನು ಒಂದು ಚಿಪ್ ಇನ್ನೂ ಪೂರ್ತಿ ಹೇಳಲಾರದು. ಜೀವಕೋಶ ಬೆಳೆಸಲು ಬಹಳ ಕಡೆ ಈಗಲೂ ದನದ ಭ್ರೂಣದ ರಕ್ತದ ಸೀರಂ ಬಳಸುತ್ತಾರೆ. ಅದನ್ನು ಬಿಟ್ಟು ಮನುಷ್ಯನ ಪ್ಲೇಟ್‌ಲೆಟ್ ಸಾರಕ್ಕೆ ಬದಲಾದ ಪ್ರಯೋಗಾಲಯಗಳೂ ಇವೆ. ಸಿದ್ಧವಾಗಿಲ್ಲದ ಕಡೆ ಸಿದ್ಧವಾಗಿದೆ ಎಂದು ಹೇಳಿದರೆ ನಾಳೆ ಜನ ಸಿದ್ಧವಾದದ್ದನ್ನೂ ನಂಬುವುದಿಲ್ಲ.

ಪ್ರಾಣಿಗಳ ಮೇಲೆ ಪರೀಕ್ಷಿಸಿದ ಮಾತ್ರೆ ನುಂಗೋದು ಪಾಪವಾ?

ಅಲ್ಲ. ಬಿಪಿ, ಶುಗರ್, ಟಿಬಿ ಮಾತ್ರೆಯನ್ನು ಈ ಕಾರಣಕ್ಕೆ ಯಾರೂ ನಿಲ್ಲಿಸಬೇಡಿ.

ಈ ಕ್ಷೇತ್ರದಲ್ಲಿ ಓದಲು ಎಲ್ಲಿಗೆ ಹೋಗಬೇಕು?

ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಅಲ್ಲಿನ ಸಿಸಿಎಂಬಿಯಲ್ಲಿ (ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ) ಜೀವಕೋಶ ಜೀವಶಾಸ್ತ್ರದ ದೊಡ್ಡ ಕೆಲಸ ನಡೆಯುತ್ತದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೂ ಅವಕಾಶಗಳಿವೆ. ಡಿಗ್ರಿ ಯಾವುದೇ ಇರಲಿ, ಮೂರು ವಿದ್ಯೆ ಕಲಿಯಿರಿ: ಸೋಂಕು ತಗುಲದಂತೆ ಜೀವಕೋಶ ಬೆಳೆಸುವುದು, ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್), ಸ್ವಲ್ಪ ಪ್ರೋಗ್ರಾಮಿಂಗ್.

ನಾವು ಸಾಮಾನ್ಯರು ಏನು ಮಾಡಬಹುದು?

ಔಷಧದ ಬಗ್ಗೆ ಅತ್ಯಂತ ನಂಬಿಕಸ್ಥ ಮಾಹಿತಿ ಬರುವುದು ಅದನ್ನು ತೆಗೆದುಕೊಂಡ ಮನುಷ್ಯರಿಂದಲೇ. ನಮ್ಮ ಕಡೆ ಆ ಮಾಹಿತಿ ಮನೆಯೊಳಗೇ ಉಳಿದುಹೋಗುತ್ತದೆ. ಮಾತ್ರೆ ನುಂಗಿದ ಮೇಲೆ ಮೈಮೇಲೆ ಗಂಧೆ ಎದ್ದರೆ, ಸಲೈನ್ ಹಚ್ಚಿದ ಅರ್ಧ ತಾಸಿನಲ್ಲಿ ನಡುಕ ಬಂದರೆ, ಮೊದಲು ವೈದ್ಯರಿಗೆ ಅಥವಾ ನರ್ಸ್‌ಗೆ ತಿಳಿಸಿ. ಆಮೇಲೆ ದೇಶದ ಔಷಧ ಅಡ್ಡಪರಿಣಾಮ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ಕರೆ ಮಾಡಿ. ರೋಗಿಯಾಗಲಿ ಮನೆಯವರಾಗಲಿ ಹೇಳಬಹುದು. ಅವರು ಕೇಳುವುದು ಔಷಧದ ಹೆಸರು, ಏನಾಯಿತು, ಯಾವಾಗ ಆಯಿತು, ಬ್ಯಾಚ್ ನಂಬರ್ ಏನು ಎಂಬುದನ್ನು. ಆ ನಂಬರ್ ಸ್ಟ್ರಿಪ್ಪಿನ ಅಂಚಿನಲ್ಲೋ ಬಾಟಲಿಯ ಲೇಬಲ್ಲಿನ ಕೆಳಗೋ ಇರುತ್ತದೆ. ಖಾಲಿ ಬಾಟಲಿಯನ್ನು ಎಸೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.